ಪಹಣಿಗೆ ಬಂದ ಕನ್ನಡ ಕಂಪ್ಯೂಟರ್ ಶಾಲೆಗೇಕೆ ಬರಲಿಲ್ಲ?

(ಬೆಂಗಳೂರಿನಲ್ಲಿ ನಡೆದ ಕನ್ನಡ ಕಾರ್ಯಕರ್ತರ ಸಭೆಯಲ್ಲಿ ಹಾನಗಲ್ಲ ತಾಲ್ಲೂಕಿನ ಮುದ್ರಣಾಲಯವೊಂದರ ಮಾಲೀಕರು ಮಾಡಿದ ಭಾಷಣ. ತರುಣ ಓದುಗರಿಗಾಗಿ ಪೂರ್ತಿಯಾಗಿ ಕೊಟ್ಟಿದ್ದೇವೆ. – ಸಂ.)



ನಾನು ಭಾಷಣಕಾರನಲ್ಲ. ಭಾಷಣಕಾರರ ಹೆಸರನ್ನು ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕುವವನು. ಓದಿದ್ದು ಪಿಯುಸಿ. ಹುಡುಗನಾಗಿದ್ದಾಗ ಸೀಸದ ಮೊಳೆ ಜೋಡಿಸಿದೆ, ಆಮೇಲೆ ಡಿಟಿಪಿ ಕಲಿತೆ, ಈಗ ಆಫ್‌ಸೆಟ್ ನಡೆಸುತ್ತಿದ್ದೇನೆ. ಕಂಪ್ಯೂಟರ್ ಶಿಕ್ಷಣದ ಬಗ್ಗೆ ಮಾತನಾಡಲು ನನ್ನನ್ನು ಯಾಕೆ ಕರೆದರೋ ಎಂದು ನಿಮಗೆ ಅನ್ನಿಸಬಹುದು. ಪ್ರಾಥಮಿಕ ಶಾಲೆ, ಕಂಪ್ಯೂಟರ್, ಕನ್ನಡ ಈ ಮೂರೂ ಒಂದೇ ಮೇಜಿನ ಮೇಲೆ ಸೇರುವ ಜಾಗ ಮುದ್ರಣಾಲಯ. ಅಲ್ಲಿ ಕುಳಿತು ಕಂಡದ್ದನ್ನು ಹೇಳಿ ಇಳಿದುಬಿಡುತ್ತೇನೆ.

ಹ್ಯಾಂಡ್‌ಬಿಲ್ಲಿನ ಸುಗ್ಗಿ

ಏಪ್ರಿಲ್ ಬಂತೆಂದರೆ ನಮಗೆ ಎರಡು ಸುಗ್ಗಿ. ಒಂದು ಲಗ್ನಪತ್ರಿಕೆಯದು, ಇನ್ನೊಂದು ಶಾಲೆಗಳ ಹ್ಯಾಂಡ್‌ಬಿಲ್ಲಿನದು. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲ್ಲೂಕುಗಳ ಗಿರಾಕಿಗಳು ನನ್ನಲ್ಲಿಗೆ ಬರುತ್ತಾರೆ. ಖಾಸಗಿ ಶಾಲೆಯವರು ತರುವ ಮ್ಯಾಟರು ಹೆಚ್ಚುಕಡಿಮೆ ಒಂದೇ. ಮೇಲೆ ಟೈ ಕಟ್ಟಿದ ಮಗುವಿನ ಚಿತ್ರ, ಪಕ್ಕದಲ್ಲಿ ಕಂಪ್ಯೂಟರಿನ ಚಿತ್ರ, ಕೆಳಗೆ ಒಂದು ಸಾಲು: ಇಂಗ್ಲಿಷ್ ಮಾಧ್ಯಮ, ಕಂಪ್ಯೂಟರ್ ಲ್ಯಾಬ್, ಸ್ಮಾರ್ಟ್ ಕ್ಲಾಸ್.

ಸಂತೆಯ ದಿನ ಆ ಹ್ಯಾಂಡ್‌ಬಿಲ್ಲು ಕೈಗೆ ಬಂದಾಗ ನಮ್ಮ ರೈತ ಏನು ತಿಳಿಯುತ್ತಾನೆ? ಕಂಪ್ಯೂಟರ್ ಬೇಕಾದರೆ ಇಂಗ್ಲಿಷ್ ಶಾಲೆಗೇ ಹೋಗಬೇಕು, ಕನ್ನಡ ಶಾಲೆಯಲ್ಲಿ ಪಾಟಿ ಬಳಪ ಅಷ್ಟೇ ಎಂದು. ಅವನಿಗೆ ಕನ್ನಡದ ಮೇಲೆ ದ್ವೇಷವಿಲ್ಲ. ಮಗನ ಮೇಲೆ ಪ್ರೀತಿ ಇದೆ. ಸಾಲ ಮಾಡಿ ಹಳದಿ ಬಸ್ಸು ಹತ್ತಿಸುತ್ತಾನೆ. ಆ ಶಬ್ದಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿ ಸಾವಿರಗಟ್ಟಲೆ ಅಚ್ಚು ಹಾಕಿದ ಕೈ ನನ್ನದೇ. ಅದಕ್ಕೇ ಮೊದಲು ನನ್ನ ತಪ್ಪು ಒಪ್ಪಿಕೊಂಡು ಮುಂದೆ ಹೋಗುತ್ತೇನೆ.

ಒಂದು ವರ್ಷ ಅದೇ ಸುಗ್ಗಿಯಲ್ಲಿ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ತರರೊಬ್ಬರು ಬಂದರು. ದಾಖಲಾತಿ ಆಂದೋಲನಕ್ಕೆ ಐನೂರು ಹ್ಯಾಂಡ್‌ಬಿಲ್ಲು ಬೇಕು, ಕೈಯಿಂದ ಕೊಡುವ ರೊಕ್ಕ, ಸ್ವಲ್ಪ ಕಡಿಮೆ ಮಾಡಿ ಅಂದರು. ಮ್ಯಾಟರು ನೋಡಿದೆ. ಬಿಸಿಯೂಟ, ಹಾಲು, ಉಚಿತ ಪುಸ್ತಕ, ಸಮವಸ್ತ್ರ, ನುರಿತ ಶಿಕ್ಷಕರು. ನಾನು ಕೇಳಿದೆ:

“ಕಂಪ್ಯೂಟರ್ ಇಲ್ಲೇನ್ರಿ ಸರ್?”

“ಅದಾವ್ರಿ, ನಾಕು. ಆದ್ರ ಅದನ್ನ ಹಾಕಬ್ಯಾಡ್ರಿ.”

“ಯಾಕ್ರಿ?”

“ಯಾರರ ನೋಡಾಕ ಬಂದ್ರ ತೋರಸಾಕ ಬರೂದಿಲ್ರಿ.”

ಆ ಶನಿವಾರ ನಾನೇ ಹೋಗಿ ನೋಡಿದೆ. ದಾನಿಗಳು ಕೊಟ್ಟ ನಾಲ್ಕು ಕಂಪ್ಯೂಟರು. ಮೇಲೆ ಹಾಸಿಗೆಯ ಚಾದರ. ಯುಪಿಎಸ್ ಬ್ಯಾಟರಿ ಸತ್ತಿದೆ. ಕೋಣೆಯ ಕೀಲಿಕೈ ಹೆಡ್‌ಮಾಸ್ತರರ ಮೇಜಿನೊಳಗೆ. ಅವರ ತಪ್ಪೆಂದು ನಾನು ಹೇಳುವುದಿಲ್ಲ. ಯಂತ್ರ ಕೊಟ್ಟವರು ಫೋಟೋ ತೆಗೆಸಿಕೊಂಡು ಹೋದರು. ಕಲಿಸುವವರನ್ನು ಯಾರೂ ಕಳಿಸಲಿಲ್ಲ. ಕೆಟ್ಟರೆ ರಿಪೇರಿಗೆ ಎಲ್ಲಿಂದ ದುಡ್ಡು ಎಂದು ಯಾರೂ ಬರೆದುಕೊಡಲಿಲ್ಲ. ಮಕ್ಕಳ ಕೈಗೆ ಕೊಟ್ಟು ಏನಾದರೂ ಆದರೆ ಮೇಲಿನವರು ಕೇಳುವುದು ಯಾರನ್ನು? ಹಾಗಾಗಿ ಬೀಗ. ನಿಮ್ಮ ಊರಿನ ಶಾಲೆಯಲ್ಲೂ ಇಂಥದೊಂದು ಬೀಗ ಇರಬಹುದು, ಹೋಗಿ ನೋಡಿ.

ಉತಾರಕ್ಕೆ ಒಂದು ನ್ಯಾಯ, ಮಗುವಿಗೆ ಇನ್ನೊಂದೇ?

ಕಂಪ್ಯೂಟರಿಗೆ ಕನ್ನಡ ಬರುವುದಿಲ್ಲ ಎಂಬ ಮಾತನ್ನು ಇಂದಿಗೂ ಕೇಳುತ್ತೇನೆ. ಹೇಳುವವರ ಜೇಬಿನಲ್ಲೇ ಉತ್ತರ ಇರುತ್ತದೆ. ಪಹಣಿಗೆ ನಮ್ಮ ಕಡೆ ಉತಾರ ಅನ್ನುತ್ತೇವೆ. ಮೊದಲು ತಲಾಠಿ ಕೈಯಿಂದ ಬರೆದು ಕೊಡುತ್ತಿದ್ದ. 2000ದ ಸುಮಾರಿಗೆ ಶುರುವಾದ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಆರಂಭದಲ್ಲಿ 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಅಚ್ಚಾದ ಉತಾರ ಕೈಗೆ ಬರುತ್ತಿತ್ತು. ಯಾವ ಭಾಷೆಯಲ್ಲಿ? ಕನ್ನಡದಲ್ಲಿ! ಹೊಲದ ಸರ್ವೇ ನಂಬರು, ತಂದೆಯ ಹೆಸರು, ಬೆಳೆ, ಬೋಜಾ ಎಲ್ಲ ಕನ್ನಡದಲ್ಲಿ.

ಅಂದರೆ ಇಪ್ಪತ್ತೈದು ವರ್ಷದ ಹಿಂದೆಯೇ ರೈತನ ಹೊಲದ ಲೆಕ್ಕ ಇಡುವಷ್ಟು ಕನ್ನಡವನ್ನು ಕಂಪ್ಯೂಟರ್ ಕಲಿತಿತ್ತು. ಅದೇ ರೈತನ ಮಗಳು ಐದನೆಯ ಇಯತ್ತೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತರೆ ಮಾತ್ರ ಅದು ಇಂಗ್ಲಿಷ್ ಯಂತ್ರ! ಇದು ಎಂಥ ನ್ಯಾಯ?

ನಿಜ ಹೇಳಬೇಕೆಂದರೆ ಕಂಪ್ಯೂಟರಿಗೆ ಇಂಗ್ಲಿಷೂ ಬರುವುದಿಲ್ಲ. ಅದಕ್ಕೆ ಬರುವುದು ಅಂಕಿ ಮಾತ್ರ. ಪ್ರತಿ ಅಕ್ಷರಕ್ಕೂ ಒಂದು ನಂಬರು. ನಾನು ಡಿಟಿಪಿ ಕಲಿತ ಕಾಲದಲ್ಲಿ ಕನ್ನಡಕ್ಕೆ ಸ್ವಂತ ನಂಬರನ್ನು ಬಳಸುವ ರೂಢಿ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳ ನಂಬರಿನ ಮೇಲೆ ಕನ್ನಡ ಅಕ್ಷರದ ಅಂಗಿ ತೊಡಿಸುತ್ತಿದ್ದರು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕನ್ನಡ ಕಾಣುತ್ತಿತ್ತು. ಫೈಲನ್ನು ಹುಬ್ಬಳ್ಳಿಗೆ ಒಯ್ದು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅಂಗಿ ಕಳಚಿ ಬರೀ ಗೊಬ್ಬರ. ಎಷ್ಟೋ ಲಗ್ನಪತ್ರಿಕೆಗಳನ್ನು ಎರಡೆರಡು ಸಲ ಕಂಪೋಜ್ ಮಾಡಿದ್ದೇನೆ.

ಯೂನಿಕೋಡ್ ಈ ತಾಪತ್ರಯ ತೀರಿಸಿತು. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿದೆ. ನಮ್ಮ ‘ಅ’ ಅಕ್ಷರದ ನಂಬರು 3205. ‘ಕ’ ಅಕ್ಷರದ್ದು 3221. ಅಮೆರಿಕದಲ್ಲೂ ಅಷ್ಟೇ, ಹಾನಗಲ್ಲಿನಲ್ಲೂ ಅಷ್ಟೇ. ಆ ನಂಬರನ್ನು ಬೇರೆ ಯಾರಿಗೂ ಕೊಡುವಂತಿಲ್ಲ. ಕನ್ನಡದ ಮಗುವಿಗೆ ಕಂಪ್ಯೂಟರಿನ ಮೊದಲ ಪಾಠ ಇದೇ ಆಗಬೇಕು. ‘ತಂಗೀ, ಈ ಯಂತ್ರದೊಳಗೆ ನಿನ್ನ ಅಕ್ಷರಕ್ಕೆ ಸ್ವಂತ ಮನೆ ಇದೆ, ನೀನು ಇಲ್ಲಿ ಬಾಡಿಗೆಗೆ ಬಂದವಳಲ್ಲ.’

ಮೂವತ್ತೊಂದು, ಮೂವತ್ತು

ಕನ್ನಡ ಟೈಪ್ ಮಾಡುವುದು ಕಷ್ಟ, ಒತ್ತಕ್ಷರ ಜಾಸ್ತಿ ಎನ್ನುತ್ತಾರೆ. ಸೀಸದ ಮೊಳೆಯ ಕಾಲದಲ್ಲಿ ಅದು ನಿಜವೇ. ನಮ್ಮ ಕೇಸಿನಲ್ಲಿ ನೂರಾರು ಮನೆ. ಯಾವ ಒತ್ತು ಯಾವ ಮನೆಯಲ್ಲಿದೆ ಎಂದು ಬೆರಳಿಗೆ ತಿಳಿಯಲು ವರ್ಷ ಹಿಡಿಯುತ್ತಿತ್ತು. ಆದರೂ ನಮ್ಮ ಹಿರಿಯರು ಕನ್ನಡ ಬಿಟ್ಟರೇ? 1843ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದ. ಹೊರದೇಶದ ಪಾದ್ರಿಗೆ ಕನ್ನಡದ ಒತ್ತಕ್ಷರ ಕಷ್ಟವಾಗಲಿಲ್ಲ, ನಮಗೆ ಕಷ್ಟವಾಯಿತು!

ಕಂಪ್ಯೂಟರಿನಲ್ಲಿ ಆ ಕಷ್ಟವೂ ಇಲ್ಲ. ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ನಾವೆಲ್ಲ ಕೆ.ಪಿ. ರಾವ್ ಎಂದು ಕರೆಯುವವರು, ಮುದ್ರಣಕ್ಕೆ ಅಕ್ಷರ ಜೋಡಿಸುವ ಲೋಕದಿಂದಲೇ ಬಂದವರು. ನಾವು ಉಚ್ಚರಿಸುವ ಕ್ರಮದಲ್ಲೇ ಕೀಲಿ ಒತ್ತುವಂತೆ ಕನ್ನಡದ ವಿನ್ಯಾಸ ರೂಪಿಸಿಕೊಟ್ಟರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿರುವುದು ಆ ದಾರಿಯೇ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲೇ ಬಂದಿದೆ. ಇವುಗಳಿಂದಾಗಿಯೇ ನನ್ನಂಥ ಸಣ್ಣ ಊರಿನ ಮುದ್ರಕರು ಬದುಕಿದೆವು.

ನಮ್ಮ ನಾಲ್ಕು ಊರುಗಳ ಹೆಸರನ್ನೇ ತೆಗೆದುಕೊಳ್ಳಿ. ಆ ವಿನ್ಯಾಸದಲ್ಲಿ ಹಾನಗಲ್ಲ ಎಂದು ಬರೆಯಲು 7 ಸಲ ಕೀಲಿ ಒತ್ತಬೇಕು. ಶಿಗ್ಗಾವಿಗೆ 8. ಸವಣೂರಿಗೆ 6. ಹಿರೇಕೆರೂರಿಗೆ 10. ಒಟ್ಟು 31. ಇದೇ ನಾಲ್ಕು ಹೆಸರನ್ನು ಇಂಗ್ಲಿಷಿನಲ್ಲಿ ಬರೆಯಿರಿ. 6, 8, 7, 9. ಒಟ್ಟು 30. ನಡುನಡುವೆ ಶಿಫ್ಟ್ ಕೀಲಿ ಹಿಡಿಯುವುದು ಬೇರೆ, ಅದು ಎರಡಕ್ಕೂ ಇದೆ. ಅಂದರೆ ಒಂದೇ ಒಂದು ಕೀಲಿಯ ವ್ಯತ್ಯಾಸ! ಸವಣೂರಿನಲ್ಲಂತೂ ನಾವೇ ಗೆದ್ದಿದ್ದೇವೆ. ಈ ಒಂದು ಕೀಲಿಯ ಸೋಮಾರಿತನಕ್ಕೆ ಇಡೀ ಭಾಷೆಯನ್ನು ಶಾಲೆಯ ಕಂಪ್ಯೂಟರ್ ಕೋಣೆಯ ಹೊರಗೆ ನಿಲ್ಲಿಸಿದ್ದೇವೆ.

ನಾನು ಮಾಡಿದ ತಪ್ಪು

ಇಷ್ಟೆಲ್ಲ ಗೊತ್ತಿದ್ದ ನಾನೇ ತಪ್ಪು ಮಾಡಿದೆ. ಆ ಶಾಲೆಯ ನಾಲ್ಕರಲ್ಲಿ ಮೂರು ಕಂಪ್ಯೂಟರುಗಳಿಗೆ ರಿಪೇರಿ ಮಾಡಿಸಿ, ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಆರು, ಏಳನೆಯ ಇಯತ್ತೆಯ ಮಕ್ಕಳಿಗೆ ಹೇಳಿಕೊಡಲು ಶುರು ಮಾಡಿದೆ. ಹೇಗೆ? ನಾನು ಕಲಿತ ಹಾಗೇ. ಫೈಲ್, ಎಡಿಟ್, ವ್ಯೂ, ಸೇವ್ ಆ್ಯಸ್. ಕರಿಹಲಗೆಯ ಮೇಲೆ ಇಂಗ್ಲಿಷ್ ಸ್ಪೆಲ್ಲಿಂಗ್ ಬರೆಸಿದೆ. ಮಾನಿಟರ್ ಎಂದರೇನು, ಸಿಪಿಯು ಎಂದರೇನು, ಬಾಯಿಪಾಠ ಮಾಡಿಸಿದೆ. ಮೂರು ವಾರ ಆಯಿತು. ಮಕ್ಕಳು ಗುಂಪಾಗಿ ಒಪ್ಪಿಸುತ್ತಿದ್ದವು. ಯಂತ್ರ ಮುಟ್ಟಲು ಮಾತ್ರ ಹೆದರುತ್ತಿದ್ದವು.

ನಾಲ್ಕನೆಯ ಶನಿವಾರ ಒಬ್ಬ ಹುಡುಗಿ ಎದ್ದು ಕೇಳಿದಳು: “ಸರ್, ಇದರಾಗ ನಮ್ಮವ್ವನ ಹೆಸರು ಬರಿಯಾಕ ಬರ್ತತೇನ್ರಿ?”

ಗೆಳೆಯರೇ, ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ದಿನವೂ ನೂರು ಮಂದಿಯ ಅವ್ವ ಅಪ್ಪನ ಹೆಸರನ್ನು ಕನ್ನಡದಲ್ಲಿ ಅಚ್ಚು ಹಾಕುವವನು ನಾನು. ಆ ಮಕ್ಕಳ ಮುಂದೆ ಒಂದೇ ಒಂದು ಕನ್ನಡ ಅಕ್ಷರ ಮೂಡಿಸಿರಲಿಲ್ಲ. ನನಗೇ ಪೇಜ್‌ಮೇಕರ್ ಕಲಿಯಲು ಆರು ತಿಂಗಳು ಹಿಡಿದಿತ್ತು. ಯಂತ್ರ ಕಷ್ಟವಾಗಿತ್ತು ಎಂದಲ್ಲ, ಮೆನುವಿನಲ್ಲಿದ್ದ ಇಂಗ್ಲಿಷ್ ಶಬ್ದಗಳು ತಿಳಿಯದೆ. ಗೆಳೆಯನೊಬ್ಬ ನೋಟ್‌ಬುಕ್ಕಿನಲ್ಲಿ ಪ್ರತಿಯೊಂದಕ್ಕೂ ಕನ್ನಡದಲ್ಲಿ ಅರ್ಥ ಬರೆದುಕೊಟ್ಟ ಮೇಲೆ ಹದಿನೈದು ದಿನದಲ್ಲಿ ಕಲಿತೆ. ನಾನು ಪಟ್ಟ ಕಷ್ಟವನ್ನೇ ಆ ಮಕ್ಕಳಿಗೂ ದಾನ ಮಾಡುತ್ತಿದ್ದೆ!

ಆವತ್ತೇ ಅವಳ ಅವ್ವನ ಹೆಸರು ಬರೆಸಿದೆ. ಆಮೇಲೆ ಪ್ರತಿ ಮಗುವೂ ತನ್ನ ಹೆಸರು, ಊರಿನ ಹೆಸರು, ಎಮ್ಮೆಯ ಹೆಸರು ಬರೆಯಿತು. ಹಬ್ಬಕ್ಕೆ ಊರಿಗೆ ಬಂದಿದ್ದ ನಿಮ್ಮಂಥ ಒಬ್ಬ ಹುಡುಗ ಎರಡು ದಿನ ಕುಳಿತು ಮೂರೂ ಯಂತ್ರಕ್ಕೆ ಲಿನಕ್ಸ್ ಹಾಕಿಕೊಟ್ಟ. ದುಡ್ಡಿಲ್ಲ, ಲೈಸೆನ್ಸಿನ ಗೊಡವೆ ಇಲ್ಲ, ಮೆನುಗಳು ಕನ್ನಡದಲ್ಲಿ. ಚಿತ್ರ ಬಿಡಿಸುವ ಟಕ್ಸ್ ಪೇಂಟ್ ಕೂಡ ಹಾಕಿದ.

ಇಲ್ಲೊಂದು ಮಾತು ಹೇಳಲೇಬೇಕು. ಮೆನುವಿನಲ್ಲಿ ‘ಕಡತ’ ಎಂದು ಬಂದಾಗ ಮಕ್ಕಳು ಕಕ್ಕಾಬಿಕ್ಕಿಯಾದವು. ‘ಫೈಲ್ ರಿ’ ಎಂದರೆ ತಿಳಿಯಿತು. ಕನ್ನಡದಲ್ಲಿ ಕಲಿಸುವುದೆಂದರೆ ಅಪರಿಚಿತ ಶಬ್ದ ಹುಡುಕಿ ತಂದು ಹೇರುವುದಲ್ಲ. ಫೈಲ್, ಮೌಸ್, ಪ್ರಿಂಟ್ ಇವೆಲ್ಲ ನಮ್ಮ ಸಂತೆಯಲ್ಲಿ ಈಗಾಗಲೇ ಓಡಾಡುತ್ತಿರುವ ಶಬ್ದಗಳು. ಕನ್ನಡ ಅಕ್ಷರದಲ್ಲಿ ಬರೆಯಿರಿ, ಕನ್ನಡದಲ್ಲಿ ವಿವರಿಸಿರಿ, ಸಾಕು. ಮಗುವಿಗೆ ತಿಳಿಯುವ ಕನ್ನಡವೇ ಕನ್ನಡ.

ಬರೆಯಲು ಬಂದ ಮೇಲೆ ಲೆಕ್ಕ. ಬಿಸಿಯೂಟದ ಅಕ್ಕಿಯ ಲೆಕ್ಕವನ್ನೇ ಪಾಠ ಮಾಡಿದೆವು. ಐದನೆಯ ಇಯತ್ತೆಯವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ, ಆರರಿಂದ ಮೇಲೆ 150 ಗ್ರಾಂ. ಇವತ್ತು ಸಣ್ಣವರು 42, ದೊಡ್ಡವರು 30 ಬಂದರೆ ಅಕ್ಕಿ ಎಷ್ಟು? 4.2 ಕಿಲೋ, 4.5 ಕಿಲೋ, ಒಟ್ಟು 8.7 ಕಿಲೋ. ಒಂದು ಮನೆಯಲ್ಲಿ ಸೂತ್ರ ಬರೆದರೆ ನಾಳೆ ಹಾಜರಿ ಬದಲಿಸಿದ ಕೂಡಲೇ ಉತ್ತರವೂ ಬದಲಾಗುತ್ತದೆ ಎಂದು ಕಂಡಾಗ ಮಕ್ಕಳು ಕೂಗಿದ್ದು ಅಡುಗೆ ಕೋಣೆಗೂ ಕೇಳಿಸಿತು. ಅಡುಗೆ ಮಾಡುವ ತಾಯಿ ಒಳಗೆ ಬಂದು ನೋಡಿ, “ಹೌದು, ಸರಿ ಐತಿ” ಎಂದು ಸರ್ಟಿಫಿಕೇಟ್ ಕೊಟ್ಟರು. ಕೋಡಿಂಗ್ ಕೋಡಿಂಗ್ ಎಂದು ಸಾವಿರಾರು ರೂಪಾಯಿ ವಸೂಲಿ ಮಾಡುತ್ತಾರಲ್ಲ, ಅದರ ಬೀಜ ಇದೇ. ಹೀಗಾದರೆ ಹೀಗೆ ಮಾಡು ಎಂದು ಯಂತ್ರಕ್ಕೆ ತಿಳಿಯುವಂತೆ ಹೇಳುವುದು. ಅದನ್ನು ಯೋಚಿಸುವ ತಲೆಗೆ ಯೋಚನೆಯ ಭಾಷೆ ಕನ್ನಡವಾಗಿದ್ದರೆ ಏನೂ ಕಡಿಮೆಯಾಗುವುದಿಲ್ಲ.

ವರ್ಷದ ಕೊನೆಗೆ ಮಕ್ಕಳು ಅಜ್ಜಿಯರಿಂದ ಬೀಸುವ ಪದ, ಒಗಟು ಕೇಳಿ ಟೈಪ್ ಮಾಡಿದವು. 16 ಪುಟ, ನನ್ನ ಲೆಕ್ಕದಲ್ಲಿ ಒಂದು ಫಾರಂ. ಉಳಿದ ಕಾಗದದಲ್ಲಿ ನಾನೇ ಅಚ್ಚು ಹಾಕಿಕೊಟ್ಟೆ. ನಮ್ಮ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವೇ ಇದೆ. ಶಿಶುನಾಳ ಷರೀಫರ ಊರೂ ಆ ತಾಲ್ಲೂಕಿನದೇ. ನಾಲ್ಕು ತಾಲ್ಲೂಕುಗಳ ಮಕ್ಕಳು ತಮ್ಮ ಊರಿನ ಹಾಡು, ಸವಣೂರಿನ ವೀಳ್ಯದೆಲೆಯ ಲೆಕ್ಕ, ಹಾನಗಲ್ಲಿನ ಮಾವಿನ ಕಥೆ ಬರೆದಿಟ್ಟರೆ ಅದಕ್ಕಿಂತ ದೊಡ್ಡ ಕಂಪ್ಯೂಟರ್ ಪಾಠ ಯಾವುದಿದೆ?

ನನ್ನ ಪಾಠದಿಂದ ಶಾಲೆ ಉಳಿಯಿತು ಎಂದು ಹೇಳಲಾರೆ. ಆ ವರ್ಷವೂ ಕೆಲವು ಮಕ್ಕಳು ಹಳದಿ ಬಸ್ಸು ಹತ್ತಿದವು. ಆದರೆ ಮರುವರ್ಷದ ಹ್ಯಾಂಡ್‌ಬಿಲ್ಲಿನಲ್ಲಿ ಹೆಡ್‌ಮಾಸ್ತರರು ತಾವಾಗಿ ಒಂದು ಸಾಲು ಸೇರಿಸಿದರು: ‘ಕಂಪ್ಯೂಟರ್ ಕನ್ನಡದಲ್ಲಿ ಕಲಿಸಲಾಗುವುದು. ಬಂದು ನೋಡಬಹುದು.’ ಆ ಕೊನೆಯ ಎರಡು ಶಬ್ದಗಳನ್ನು ನಾನು ದಪ್ಪ ಅಕ್ಷರದಲ್ಲಿ ಹಾಕಿದೆ.

ಸರ್ಕಾರ ಮಾಡಿದ್ದು, ಬಿಟ್ಟಿದ್ದು

ಸರ್ಕಾರ ಏನೂ ಮಾಡಿಲ್ಲ ಎನ್ನುವುದು ಸುಳ್ಳು. 2001ರ ಹೊತ್ತಿಗೆ ‘ಮಾಹಿತಿ ಸಿಂಧು’ ಬಂತು. 2004ರಲ್ಲಿ ಕೇಂದ್ರದ ಐಸಿಟಿ ಯೋಜನೆ ಬಂತು. ಆಮೇಲೆ 2016–17ರಲ್ಲಿ ‘ತಾಲ್ಪ್’ ಬಂತು. ಆದರೆ ಇವೆಲ್ಲ ಮುಖ್ಯವಾಗಿ ಪ್ರೌಢಶಾಲೆಗೆ. ತಂದೆತಾಯಿ ಶಾಲೆ ಆರಿಸುವುದು ಎಂಟನೆಯ ಇಯತ್ತೆಯಲ್ಲಲ್ಲ, ಒಂದನೆಯದರಲ್ಲಿ! ಅಲ್ಲಿ ಕಂಪ್ಯೂಟರ್ ಬಂದರೆ ದಾನಿಗಳ ಕೃಪೆ, ಇಲ್ಲವಾದರೆ ಇಲ್ಲ.

ಪ್ರಾಥಮಿಕ ಶಾಲೆಯಲ್ಲಿ ನಡೆದ ಒಂದು ದೊಡ್ಡ ಪ್ರಯತ್ನ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ್ದು. 2001ರ ಸುಮಾರಿಗೆ ಸರ್ಕಾರದ ಜೊತೆ ಸೇರಿ ಹಳ್ಳಿಯ ಶಾಲೆಗಳಲ್ಲಿ ಕಂಪ್ಯೂಟರ್ ಕೇಂದ್ರ ತೆರೆದರು, ಕನ್ನಡದಲ್ಲೇ ಪಾಠದ ಸಿಡಿ ಮಾಡಿದರು. ಕೆಲವು ವರ್ಷಗಳ ಮೇಲೆ ಅವರೇ ಅದನ್ನು ಬಿಟ್ಟು, ಶಿಕ್ಷಕರ ತಯಾರಿಯ ಕಡೆ ತಿರುಗಿದರು. ದುಡ್ಡಿದ್ದವರು ಕಲಿತ ಪಾಠ ಇದು. ಯಂತ್ರ ಮತ್ತು ಸಿಡಿಗಿಂತ ಮುಂದೆ ನಿಲ್ಲಬೇಕಾದವರು ಮಾಸ್ತರರು.

ಇದೇನು ಹೊಸ ಮಾತಲ್ಲ. 1997ರವರೆಗೆ ನಾವು ಧಾರವಾಡ ಜಿಲ್ಲೆಯವರು. 19ನೆಯ ಶತಮಾನದಲ್ಲಿ ಆ ಸೀಮೆಯ ಶಾಲೆಗಳಲ್ಲಿ ಮರಾಠಿ ಮೆರೆಯುತ್ತಿದ್ದಾಗ ಡೆಪ್ಯುಟಿ ಚೆನ್ನಬಸಪ್ಪನವರು ಮರಾಠಿ ಬೇಡ ಎಂದು ಕೂಗಿ ಸುಮ್ಮನಾಗಲಿಲ್ಲ. ಕನ್ನಡ ಶಾಲೆ ತೆರೆಸಿದರು, ಕನ್ನಡ ಶಿಕ್ಷಕರನ್ನು ತಯಾರು ಮಾಡಿದರು, ಕನ್ನಡದಲ್ಲಿ ಪುಸ್ತಕ ಬರೆದರು, ಬರೆಸಿದರು. ಹೋರಾಟ ಎಂದರೆ ಅದು.

ಕಾಸರಗೋಡಿನ ಮಗುವಿಗೆ ಸಿಕ್ಕಿದ್ದು

ಈಗ ನಿಮಗೆ ಸಿಟ್ಟು ಬರುವ ಒಂದು ವಿಷಯ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. ಅಲ್ಲಿನ ಕನ್ನಡಿಗರ ನೋವಿನ ಬಗ್ಗೆ, ಕನ್ನಡ ಶಾಲೆಗೆ ಕನ್ನಡ ಬಾರದ ಶಿಕ್ಷಕರನ್ನು ಹಾಕುವ ಅನ್ಯಾಯದ ಬಗ್ಗೆ ನಾವು ಕೂಗಿದ್ದೇವೆ, ಇನ್ನೂ ಕೂಗಬೇಕು. ಆದರೆ ಕಂಪ್ಯೂಟರಿನ ವಿಷಯಕ್ಕೆ ಬನ್ನಿ. ಕೇರಳ 2001ರಲ್ಲಿ ಶಾಲೆಗಳಿಗೆ ಐಟಿ ಯೋಜನೆ ತಂದಿತು. 2017ರಲ್ಲಿ ಅದನ್ನು ‘ಕೈಟ್’ ಎಂಬ ಸಂಸ್ಥೆ ಮಾಡಿತು. ಸ್ವತಂತ್ರ ತಂತ್ರಾಂಶ ಬಳಸಿ, ತನ್ನ ಶಿಕ್ಷಕರಿಗೇ ತರಬೇತಿ ಕೊಟ್ಟಿತು. ಪ್ರಾಥಮಿಕ ತರಗತಿಗಳಿಗೂ ಕಂಪ್ಯೂಟರ್ ಪುಸ್ತಕ ಬರೆಯಿತು. 2024ರಲ್ಲಿ ಏಳನೆಯ ತರಗತಿಯ ಪುಸ್ತಕದಲ್ಲಿ ಕೃತಕ ಬುದ್ಧಿಮತ್ತೆಯ ಪಾಠ ಸೇರಿಸಿದಾಗ ಆ ಪುಸ್ತಕ ಮಲಯಾಳಂ, ಇಂಗ್ಲಿಷ್, ತಮಿಳು ಮತ್ತು ಕನ್ನಡ ಮಾಧ್ಯಮಗಳಲ್ಲಿ ಬಂತು.

ಕೇಳಿದಿರಾ? ಕನ್ನಡದಲ್ಲಿ! ಕೇರಳದ ಕನ್ನಡ ಮಗುವಿಗೆ ಕನ್ನಡದಲ್ಲಿ ಕಂಪ್ಯೂಟರ್ ಪುಸ್ತಕ. ಕರ್ನಾಟಕದ ನಟ್ಟ ನಡುವೆ ಇರುವ ನಮ್ಮ ಹಾವೇರಿ ಜಿಲ್ಲೆಯ ಯಾವ ಸರ್ಕಾರಿ ಪ್ರಾಥಮಿಕ ಶಾಲೆಯ ಮಗುವಿನ ಚೀಲದಲ್ಲೂ ಅಂಥ ಪುಸ್ತಕ ನನ್ನ ಕಣ್ಣಿಗೆ ಬಿದ್ದಿಲ್ಲ. ಕನ್ನಡ ನಮ್ಮ ರಾಜ್ಯಭಾಷೆ, ಅಲ್ಲಿ ಅಲ್ಪಸಂಖ್ಯಾತ ಭಾಷೆ. ಯಾರು ನಾಚಬೇಕು?

ಕೋರ್ಟಿನ ನಂತರ ಉಳಿದ ದಾರಿ

ಸವಣೂರಿನಲ್ಲಿ 1909ರಲ್ಲಿ ಒಬ್ಬ ಮಗ ಹುಟ್ಟಿದ. ವಿನಾಯಕ ಕೃಷ್ಣ ಗೋಕಾಕ. ಆಕ್ಸ್‌ಫರ್ಡಿನಲ್ಲಿ ಓದಿದ ಇಂಗ್ಲಿಷ್ ಪ್ರಾಧ್ಯಾಪಕ. ಅವರ ಸಮಿತಿಯೇ 1981ರಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೊಡಿ ಎಂದು ವರದಿ ಕೊಟ್ಟಿತು. 1982ರಲ್ಲಿ ಡಾ. ರಾಜ್‌ಕುಮಾರ್ ಬೀದಿಗೆ ಬಂದರು, ನಾಡೇ ಎದ್ದಿತು. ಇಂಗ್ಲಿಷ್ ಚೆನ್ನಾಗಿ ಬಲ್ಲವರೇ ಕನ್ನಡ ಮೊದಲು ಎಂದರು, ನೆನಪಿಡಿ. ಇಂಗ್ಲಿಷ್ ಬೇಡ ಎಂದು ನಾನೂ ಹೇಳುತ್ತಿಲ್ಲ. ಮಗು ಕಲಿಯಲಿ, ಚೆನ್ನಾಗಿ ಕಲಿಯಲಿ. ಆದರೆ ಯಂತ್ರದ ಪಾಠಕ್ಕೆ ಇಂಗ್ಲಿಷನ್ನು ಟೋಲ್‌ಗೇಟ್ ಮಾಡಬೇಡಿ.

1994ರ ಭಾಷಾ ನೀತಿ ನಾಲ್ಕನೆಯ ತರಗತಿಯವರೆಗೆ ಕನ್ನಡ ಅಥವಾ ತಾಯ್ನುಡಿ ಮಾಧ್ಯಮ ಎಂದಿತು. 2014ರ ಮೇ 6ರಂದು ಸುಪ್ರೀಂ ಕೋರ್ಟ್, ಸರ್ಕಾರ ಮಾಧ್ಯಮವನ್ನು ಹೇರುವಂತಿಲ್ಲ ಎಂದು ತೀರ್ಪು ಕೊಟ್ಟಿತು. 2019ರಲ್ಲಿ ಸರ್ಕಾರವೇ ತನ್ನ 1,000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು. 2025ರಲ್ಲಿ ಸುಖದೇವ್ ಥೋರಟ್ ಆಯೋಗ ಐದನೆಯ ತರಗತಿಯವರೆಗೆ ಕನ್ನಡ ಅಥವಾ ತಾಯ್ನುಡಿ ಮಾಧ್ಯಮ ಇರಲಿ ಎಂದು ವರದಿ ಕೊಟ್ಟಿದೆ. ವರದಿ ಬರಲಿ, ಕಾನೂನು ಬರಲಿ. ಆದರೆ ಮಗುವನ್ನು ಕನ್ನಡ ಶಾಲೆಗೆ ಕಳಿಸುವುದು ತಂದೆತಾಯಿ. ಅವರನ್ನು ಕೋರ್ಟಿನ ಆದೇಶದಿಂದ ಗೆಲ್ಲಲಾಗುವುದಿಲ್ಲ. ‘ಬಂದು ನೋಡಬಹುದು’ ಎಂದು ಧೈರ್ಯವಾಗಿ ಹೇಳುವ ಶಾಲೆಯಿಂದ ಮಾತ್ರ ಗೆಲ್ಲಬಹುದು.

ಓದು ಬರಹವೇ ಬಾರದ ಮಕ್ಕಳಿಗೆ ಕಂಪ್ಯೂಟರ್ ಯಾಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಒಂದು, ಎರಡನೆಯ ಇಯತ್ತೆಗೆ ಬೇಡ ಎಂದೇ ನಾನೂ ಹೇಳುತ್ತೇನೆ. ಅಲ್ಲಿ ಪಾಟಿ, ಬಳಪ, ಕಥೆ, ಹಾಡು ಇರಲಿ. ಆದರೆ ದೊಡ್ಡ ಮಕ್ಕಳು ಟೈಪ್ ಮಾಡಬೇಕಾದರೆ ‘ಅಲ್ಪಪ್ರಾಣವೋ ಮಹಾಪ್ರಾಣವೋ, ಒತ್ತು ಯಾವುದು’ ಎಂದು ಬಾಯಿಬಿಟ್ಟು ಹೇಳಿಕೊಂಡೇ ಕೀಲಿ ಒತ್ತಬೇಕು. ನಮ್ಮ ಶನಿವಾರದ ಪಾಠದಲ್ಲಿ ಕಾಗುಣಿತ ತಪ್ಪುತ್ತಿದ್ದ ಮಕ್ಕಳೇ ಹೆಚ್ಚು ಸುಧಾರಿಸಿದವು. ಕನ್ನಡದಲ್ಲಿ ಕಂಪ್ಯೂಟರ್ ಕಲಿಸಿದರೆ ಒಂದೇ ಕಲ್ಲಿಗೆ ಎರಡು ಹಣ್ಣು.

ನಿಮ್ಮ ಮೊಬೈಲ್ ತೆಗೆಯಿರಿ

ಸರ್ಕಾರವನ್ನು ಬೈದದ್ದಾಯಿತು, ಈಗ ನಿಮ್ಮ ಸರದಿ. ಎಲ್ಲರೂ ಜೇಬಿನಿಂದ ಮೊಬೈಲ್ ತೆಗೆಯಿರಿ. ಬೆಳಿಗ್ಗೆಯಿಂದ ಗೆಳೆಯರಿಗೆ ಕಳಿಸಿದ ಕನ್ನಡದ ಸಂದೇಶವನ್ನು ನೋಡಿಕೊಳ್ಳಿ. ಯಾವ ಅಕ್ಷರದಲ್ಲಿದೆ? ... ನಗು ಬಂತು. ಉತ್ತರ ಸಿಕ್ಕಿತು.

ಲಗ್ನಪತ್ರಿಕೆಯ ಮ್ಯಾಟರನ್ನು ಹುಡುಗರು ಇಂಗ್ಲಿಷ್ ಅಕ್ಷರದಲ್ಲಿ ವಾಟ್ಸಾಪ್ ಮಾಡುತ್ತಾರೆ. ಅದರಲ್ಲಿ ಹಳ್ಳಿಯೂ ಒಂದೇ, ಹಲ್ಲಿಯೂ ಒಂದೇ. ಅಣ್ಣನೂ ಒಂದೇ, ಅನ್ನವೂ ಒಂದೇ. ಮನೆಯೂ ಮಣೆಯೂ ಒಂದೇ. ಒಮ್ಮೆ ‘ವರನ ಅಣ್ಣ’ ‘ವರನ ಅನ್ನ’ವಾಗಿ ಅಚ್ಚಾಗಿ, ಮುನ್ನೂರು ಕಾರ್ಡು ನನ್ನ ಖರ್ಚಿನಲ್ಲಿ ಮತ್ತೆ ಹಾಕಿಕೊಟ್ಟೆ. ಬೋರ್ಡಿನಲ್ಲಿ ಕನ್ನಡ ಇಲ್ಲವೆಂದು ನಾವು ಬೀದಿಗಿಳಿಯುತ್ತೇವೆ, ಇಳಿಯಲೇಬೇಕು. ಆದರೆ ನಮ್ಮ ಕೈಯಲ್ಲಿರುವ ಬೋರ್ಡಿನಲ್ಲಿ ಕನ್ನಡ ಎಲ್ಲಿದೆ? ಮೊಬೈಲಿನಲ್ಲಿ ಕನ್ನಡ ಕೀಲಿಮಣೆ ಹಾಕಿಕೊಳ್ಳಲು ಎರಡು ನಿಮಿಷ ಸಾಕು. ಇವತ್ತೇ ಹಾಕಿಕೊಳ್ಳಿ.

ನಾವು ಕೇಳಬೇಕಾದ್ದು, ಮಾಡಬೇಕಾದ್ದು

ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆ ನಾಲ್ಕೇ.

1. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು ಅಥವಾ ಐದನೆಯ ತರಗತಿಯಿಂದ ಕಂಪ್ಯೂಟರ್ ಪಾಠ ಕನ್ನಡದಲ್ಲಿ, ಯೂನಿಕೋಡಿನಲ್ಲಿ, ಒಂದೇ ಕೀಲಿಮಣೆ ವಿನ್ಯಾಸದಲ್ಲಿ ಆರಂಭವಾಗಲಿ.

2. ಪ್ರತಿ ಮಗುವಿನ ಚೀಲಕ್ಕೆ ಸರಳ ಕನ್ನಡದ ಕಂಪ್ಯೂಟರ್ ಪುಸ್ತಕ ಬರಲಿ. ಕೇರಳ ತನ್ನ ಕನ್ನಡ ಮಕ್ಕಳಿಗೆ ಕೊಟ್ಟದ್ದನ್ನು ಕರ್ನಾಟಕ ಕೊಡಲಾರದೇ?

3. ಇರುವ ಶಿಕ್ಷಕರಿಗೇ ಕನ್ನಡದಲ್ಲಿ ತರಬೇತಿ ಕೊಡಿ. ರಿಪೇರಿಗೆ ತಾಲ್ಲೂಕಿಗೊಬ್ಬ ತಂತ್ರಜ್ಞ ಇರಲಿ. ಮಗುವಿನ ಕೈಯಲ್ಲಿ ಯಂತ್ರ ಕೆಟ್ಟರೆ ಮಾಸ್ತರರ ಮೇಲೆ ಹೊರೆ ಬೀಳದಿರಲಿ.

4. ಎಷ್ಟು ಕಂಪ್ಯೂಟರ್ ಕೊಟ್ಟೆವು ಎಂಬ ಲೆಕ್ಕ ಸಾಕು. ವಾರಕ್ಕೆ ಎಷ್ಟು ತಾಸು ಆ ಕೋಣೆಯ ಬಾಗಿಲು ತೆರೆದಿತ್ತು ಎಂಬ ಲೆಕ್ಕ ಕೊಡಿ.

ಇನ್ನು ನಿಮ್ಮ ಕೆಲಸ. ನಿಮ್ಮಲ್ಲಿ ಅನೇಕರು ಇಲ್ಲಿ ಕಂಪ್ಯೂಟರ್ ಕಂಪನಿಗಳಲ್ಲಿದ್ದೀರಿ. ನಿಮ್ಮ ಬೇರು ಹಾನಗಲ್ಲಿನಲ್ಲೋ, ಹಿರೇಕೆರೂರಿನಲ್ಲೋ, ಇನ್ನಾವುದೋ ಹಳ್ಳಿಯ ಕನ್ನಡ ಶಾಲೆಯಲ್ಲೋ ಇದೆ. ದಸರೆಗೆ, ಉಗಾದಿಗೆ ಊರಿಗೆ ಹೋಗುತ್ತೀರಲ್ಲ, ಹಬ್ಬದ ಹಿಂದಿನ ಶನಿವಾರವೋ ಮುಂದಿನ ಶನಿವಾರವೋ ಶಾಲೆಗೆ ಹೋಗಿ. ಮಾಸ್ತರರಿಗೆ ನಮಸ್ಕಾರ ಮಾಡಿ, ಬೀಗ ತೆಗೆಸಿ, ಧೂಳು ಒರೆಸಿ. ಒಂದು ಯಂತ್ರಕ್ಕಾದರೂ ಕನ್ನಡ ಹಾಕಿ ಬನ್ನಿ. ಒಬ್ಬ ಶಿಕ್ಷಕರಿಗೆ, ಒಬ್ಬ ಅಕ್ಕೋರಿಗೆ ಕನ್ನಡದಲ್ಲಿ ಟೈಪ್ ಮಾಡುವುದು ಹೇಳಿಕೊಡಿ. ಫೋನ್ ನಂಬರು ಕೊಟ್ಟು ಬನ್ನಿ, ಅವರು ಕರೆದಾಗ ಎತ್ತಿ. ಬ್ಯಾನರ್ ಬೇಡ, ಫೋಟೋ ಬೇಡ. ಬ್ಯಾನರ್ ಅಚ್ಚು ಹಾಕುವವನೇ ಬೇಡ ಎನ್ನುತ್ತಿದ್ದೇನೆ, ನಂಬಿ!

ಆ ಹುಡುಗಿ ಅವ್ವನ ಹೆಸರು ಬರೆದ ಕಾಗದವನ್ನು ಮನೆಗೆ ಒಯ್ದಳು. ಮುಂದಿನ ವಾರ ಅವಳ ಅವ್ವ ಶಾಲೆಗೆ ಬಂದು, “ಇದು ನಿಜವಾಗ್ಲೂ ನಮ್ಮ ಸಾಲ್ಯಾಗ ಮಾಡಿದ್ದೇನ್ರಿ?” ಎಂದು ಕೇಳಿದರು. ಹೌದು ಎಂದು ಹೇಳುವ ಶಾಲೆಗಳು ಎಷ್ಟಾಗುತ್ತವೆ ಎಂಬುದರ ಮೇಲೆ ಕನ್ನಡ ಶಾಲೆಗಳ ಆಯುಷ್ಯ ನಿಂತಿದೆ. ನನ್ನ ಮಾತು ಇಲ್ಲಿಗೆ ಮುಗಿಯಿತು.

ಸಿರಿಗನ್ನಡಂ ಗೆಲ್ಗೆ! ಜೈ ಕರ್ನಾಟಕ!